ಮೊಂತಿ

ಕರಾವಳಿಯ ಕೊಂಕಣಿ ಕ್ರೈಸ್ತರ ತೆನೆ ಹಬ್ಬಕ್ಕೆ 'ಮೊಂತಿ ಫೆಸ್ತ್' ಎಂದು ಹೆಸರು. ಎರಡೂ ಪದ ಪೋರ್ಚುಗೀಸ್ ಮೂಲದವು: 'ಮೊಂತೆ' ಅಂದರೆ ಗುಡ್ಡ, 'ಫೆಸ್ತಾ' ಅಂದರೆ ಹಬ್ಬ. ಗುಡ್ಡದ ನಂಟು ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯದು; ಗೋವಾದ ಪಾದ್ರಿ ಜೋಕಿಂ ಮಿರಾಂದ 1763ರಲ್ಲಿ ಅಲ್ಲಿ ಈ ಹಬ್ಬವನ್ನು ಆರಂಭಿಸಿದರೆಂಬುದು ಪ್ರತೀತಿ. ಹಬ್ಬದ ದಿನವಾದ ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನ. ಗದ್ದೆಯಲ್ಲಿ ಭತ್ತ ತೆನೆಯಾಗುವ ಕಾಲವೂ ಅದೇ.

ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ. ಮನೆಯಲ್ಲಿ ಹಿರಿಯರು ಕಾಳು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಈ ಹೊಸತು ಉಣ್ಣುವ ಆಚರಣೆಗೆ ಕೊಂಕಣಿಯಲ್ಲಿ 'ನೊವೆಂ' ಎನ್ನುತ್ತಾರೆ. ಮೀನಿಲ್ಲದೆ ಅನ್ನ ಇಳಿಯದವರ ಮನೆಯಲ್ಲೂ ಅಂದು ಬಾಳೆಲೆಯ ಮೇಲೆ ಬರೀ ತರಕಾರಿ ಊಟ. ಪದಾರ್ಥಗಳ ಲೆಕ್ಕ ಬೆಸ ಸಂಖ್ಯೆಯಲ್ಲೇ ಇರಬೇಕು! ಪರವೂರಿನಲ್ಲಿರುವ ಮಕ್ಕಳಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುವುದೂ ಉಂಟು.

ತುಳುವರ ತೆನೆ ಹಬ್ಬವಾದ 'ಕುರಲ್ ಪರ್ಬ'ದ ಛಾಯೆ ಇದರಲ್ಲಿ ಢಾಳಾಗಿಯೇ ಇದೆ. ಕನ್ನಡ ಪತ್ರಿಕೆಗಳು 'ತೆನೆ ಹಬ್ಬ', 'ಮೊಂತಿ ಹಬ್ಬ' ಎರಡನ್ನೂ ಬರೆಯುತ್ತವೆ. ಆಡುಮಾತಿನಲ್ಲಿ ಮಾತ್ರ ಒಂದೇ ಪ್ರಶ್ನೆ: "ಮೊಂತಿಗೆ ಊರಿಗೆ ಬರ್ತೀರಲ್ಲ?"