ಸರ್ಕಾರಿ ನೆರವಿನ ಹೆಚ್ಚುವರಿ ಪಾವತಿ ಮತ್ತು ವಸೂಲಿ

ಆದಾಯ ನೋಡಿ ಕೊಡುವ ಸರ್ಕಾರಿ ನೆರವನ್ನು ಪಡೆಯುತ್ತಿರುವಾಗ ಗಳಿಕೆ ಏರಿದರೆ, ಅರ್ಹತೆಯನ್ನು ಮೀರಿ ಸಂದಾಯವಾದ ಹಣಕ್ಕೆ ಹೆಚ್ಚುವರಿ ಪಾವತಿ ಎನ್ನುತ್ತಾರೆ. ಅದನ್ನು ಸರ್ಕಾರ ಮರಳಿ ಪಡೆಯುವ ಕ್ರಮ ವಸೂಲಿ. ನಿರುದ್ಯೋಗ ಭತ್ಯೆ, ಮಕ್ಕಳಿರುವ ಕುಟುಂಬಗಳ ಸಹಾಯಧನ, ಮನೆಯ ರೋಗಿಯನ್ನು ನೋಡಿಕೊಳ್ಳುವವರ ಭತ್ಯೆ, ಹೀಗೆ ಆದಾಯದ ಮಿತಿಯಿರುವ ಎಲ್ಲ ಯೋಜನೆಗಳಲ್ಲೂ ಈ ಪ್ರಶ್ನೆ ಎದುರಾಗುತ್ತದೆ. ಪಡೆದವರು ಮಾಹಿತಿ ಮುಚ್ಚಿಟ್ಟದ್ದರಿಂದಲೇ ಹೀಗಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕಳೆದ ಎರಡು ದಶಕಗಳ ದಾಖಲೆಗಳನ್ನು ನೋಡಿದರೆ ಕಾರಣ ಬಹುಮಟ್ಟಿಗೆ ಬೇರೆಯೇ. ಹಸಿದವರಿಗೆ ನೆರವು ಈ ವಾರವೇ ಬೇಕು. ಅವರ ಆದಾಯ ನಿಖರವಾಗಿ ಎಷ್ಟೆಂದು ಸರ್ಕಾರಕ್ಕೆ ತಿಳಿಯುವುದು ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ. ಈ ಅಂತರ ಯೋಜನೆಯ ರಚನೆಯಲ್ಲೇ ಇರುವುದರಿಂದ ಅದರ ಹೊರೆಯ ದೊಡ್ಡ ಪಾಲನ್ನು ಯೋಜನೆ ರೂಪಿಸಿದ ಸರ್ಕಾರವೇ ಹೊರುವುದು ನ್ಯಾಯ.

ಆಸ್ಟ್ರೇಲಿಯದ 'ರೋಬೋಡೆಟ್' ಪ್ರಕರಣದಲ್ಲಿ ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಆ ದೇಶದ ಸೆಂಟರ್‌ಲಿಂಕ್ ಕಚೇರಿ ನಿರುದ್ಯೋಗ ಭತ್ಯೆಯನ್ನು ಎರಡು ವಾರಕ್ಕೊಮ್ಮೆ ಲೆಕ್ಕ ಹಾಕುತ್ತದೆ; ಆ ಎರಡು ವಾರದ ಗಳಿಕೆಯೇ ಅರ್ಹತೆಗೆ ಆಧಾರ. ತೆರಿಗೆ ಇಲಾಖೆಯ ಬಳಿ ಇದ್ದದ್ದು ವರ್ಷದ ಲೆಕ್ಕ. 2015ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ 2016ರಲ್ಲಿ ವಿಸ್ತರಿಸಿದ ಗಣಕ ವ್ಯವಸ್ಥೆಯು ವರ್ಷದ ಆದಾಯವನ್ನು ಸಮನಾಗಿ 26 ಭಾಗ ಮಾಡಿ, ಪ್ರತಿ ಎರಡು ವಾರಕ್ಕೂ ಅಷ್ಟೇ ಗಳಿಕೆ ಇತ್ತೆಂದು ಎಣಿಸಿತು. ಒಬ್ಬ ಕಾರ್ಮಿಕ ಅರ್ಧ ವರ್ಷ ಕೆಲಸವಿಲ್ಲದೆ ಭತ್ಯೆ ಪಡೆದು, ಉಳಿದರ್ಧದಲ್ಲಿ ಎರಡು ವಾರಕ್ಕೆ 2,000 ಡಾಲರಿನಂತೆ ಒಟ್ಟು 26,000 ಡಾಲರ್ ದುಡಿದ ಎನ್ನೋಣ. ಸರಾಸರಿಯ ಲೆಕ್ಕದಲ್ಲಿ ಅವನು ವರ್ಷವಿಡೀ ಎರಡು ವಾರಕ್ಕೆ 1,000 ಡಾಲರ್ ಗಳಿಸಿದವನಾಗುತ್ತಾನೆ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಪಡೆದ ನೆರವು ಅವನ ಹೆಸರಿನಲ್ಲಿ ಸಾಲವಾಗಿ ನಿಲ್ಲುತ್ತದೆ. ಅವನು ಪ್ರತಿ ಬಾರಿಯೂ ತನ್ನ ಗಳಿಕೆಯನ್ನು ಸರಿಯಾಗಿ ತಿಳಿಸಿದ್ದರೂ ಹೀಗಾಗುತ್ತಿತ್ತು. ವರ್ಷವಿಡೀ ಒಂದೇ ಸಂಬಳವಿದ್ದವರಿಗೆ ಈ ಲೆಕ್ಕದಿಂದ ತೊಂದರೆ ಇರಲಿಲ್ಲ. ಆದರೆ ಅಂಥವರಿಗೆ ಭತ್ಯೆಯ ಅಗತ್ಯ ಬೀಳುವುದೇ ಅಪರೂಪ.

ಗಣಿತದ ತಪ್ಪಿಗಿಂತ ಗಂಭೀರವಾದದ್ದು ರುಜುವಾತಿನ ಹೊಣೆ ತಿರುವುಮುರುವಾದದ್ದು. ಮೊದಲು ಇಲಾಖೆಯ ಸಿಬ್ಬಂದಿ ಮಾಲೀಕರಿಂದ ಸಂಬಳದ ವಿವರ ತರಿಸಿ ಪರಿಶೀಲಿಸುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ವರ್ಷಗಳ ಹಿಂದಿನ ಸಂಬಳ ಚೀಟಿಗಳನ್ನು ಹುಡುಕಿ ತರುವ ಕೆಲಸ ನೋಟಿಸು ಬಂದವರ ಪಾಲಿಗೆ ಬಿತ್ತು. ತರಲಾಗದಿದ್ದರೆ ಸರಾಸರಿಯೇ ಸತ್ಯವಾಗುತ್ತಿತ್ತು. ಅನೇಕರ ಮೇಲೆ ಶೇ. 10ರ ಹೆಚ್ಚುವರಿ ಶುಲ್ಕವೂ ಬಿದ್ದಿತು. ಈ ಲೆಕ್ಕ ಕಾನೂನಿಗೆ ಒಪ್ಪುವುದಿಲ್ಲ ಎಂಬ ಸಲಹೆ 2014ರಲ್ಲೇ ಸಂಬಂಧಪಟ್ಟ ಇಲಾಖೆಯೊಳಗೆ ಬಂದಿತ್ತು. 2017ರಲ್ಲಿ ಆಡಳಿತ ಮೇಲ್ಮನವಿ ನ್ಯಾಯಮಂಡಳಿಯ ಸದಸ್ಯ ಟೆರಿ ಕಾರ್ನಿ ಇಂಥ ಸಾಲಗಳು ಅಸಿಂಧು ಎಂದು ತೀರ್ಪಿತ್ತರು. ಸರ್ಕಾರ ಅದನ್ನು ಪ್ರಶ್ನಿಸಲಿಲ್ಲ, ಪಾಲಿಸಲೂ ಇಲ್ಲ. ಆ ಹಂತದ ತೀರ್ಪುಗಳು ಪ್ರಕಟವಾಗದ ಕಾರಣ ಅದೇ ಸ್ಥಿತಿಯಲ್ಲಿದ್ದ ಉಳಿದವರಿಗೆ ವಿಷಯವೇ ತಿಳಿಯಲಿಲ್ಲ. 2019ರ ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ಸರ್ಕಾರ ಒಬ್ಬ ಮಹಿಳೆಯ ಸಾಲ ಅಸಿಂಧುವೆಂದು ಒಪ್ಪಿಕೊಂಡಿತು. 2021ರಲ್ಲಿ ಸಾಮೂಹಿಕ ದಾವೆಯ ಇತ್ಯರ್ಥಕ್ಕೆ ಒಪ್ಪಿಗೆ ನೀಡುವಾಗ ನ್ಯಾಯಮೂರ್ತಿ ಬರ್ನಾರ್ಡ್ ಮರ್ಫಿ ಅವರ ಮುಂದೆ ಬಂದ ಲೆಕ್ಕ ಹೀಗಿತ್ತು: ಸುಮಾರು 4.33 ಲಕ್ಷ ಜನರ ಮೇಲೆ 176 ಕೋಟಿ ಆಸ್ಟ್ರೇಲಿಯನ್ ಡಾಲರ್ ಸಾಲ ಹೊರಿಸಿ, ಅದರಲ್ಲಿ ಸುಮಾರು 75 ಕೋಟಿಯನ್ನು ಅಕ್ರಮವಾಗಿ ವಸೂಲಿ ಮಾಡಲಾಗಿತ್ತು. ಕ್ವೀನ್ಸ್‌ಲ್ಯಾಂಡಿನ ಮಾಜಿ ಮುಖ್ಯ ನ್ಯಾಯಮೂರ್ತಿ ಕ್ಯಾಥರೀನ್ ಹೋಮ್ಸ್ ಅವರ ರಾಯಲ್ ಕಮಿಷನ್ 2023ರ ಜುಲೈನಲ್ಲಿ 57 ಶಿಫಾರಸುಗಳೊಂದಿಗೆ ವರದಿ ಕೊಟ್ಟಿತು. ನೋಟಿಸು ತಲುಪಿದ ನಂತರ ಜೀವ ಕಳೆದುಕೊಂಡವರ ತಾಯಂದಿರು ಅದರ ಮುಂದೆ ಸಾಕ್ಷ್ಯ ನುಡಿದರು. ವಸೂಲಿಯನ್ನು ಬರೀ ಲೆಕ್ಕಪತ್ರದ ವಿಷಯವೆಂದು ಬರೆಯುವವರು ಆ ಸಾಕ್ಷ್ಯವನ್ನು ಓದಬೇಕು.

ರೋಬೋಡೆಟ್‌ನಲ್ಲಿ ಕಾನೂನೇ ಮುರಿದಿತ್ತು, ಆದ್ದರಿಂದ ಅದನ್ನು ಮಾದರಿಯಾಗಿ ಹಿಡಿಯಲಾಗದು ಎಂದು ಯಾರಾದರೂ ಹೇಳಬಹುದು. ಕಾನೂನುಬದ್ಧವಾಗಿಯೇ ನಡೆದ ಬ್ರಿಟನ್ನಿನ ತೆರಿಗೆ ಸಹಾಯಧನ ಯೋಜನೆಯನ್ನು ಆಗ ಎದುರಿಗಿಡಬೇಕಾಗುತ್ತದೆ. 2003ರಲ್ಲಿ ಆರಂಭವಾದ ಆ ಯೋಜನೆ ಕುಟುಂಬದ ಹಿಂದಿನ ವರ್ಷದ ಆದಾಯದ ಮೇಲೆ ತಾತ್ಕಾಲಿಕವಾಗಿ ಹಣ ಕೊಟ್ಟು, ವರ್ಷ ಮುಗಿದ ಮೇಲೆ ನಿಜವಾದ ಆದಾಯಕ್ಕೆ ಹೊಂದಿಸುತ್ತಿತ್ತು. ಮೊದಲ ವರ್ಷದಲ್ಲೇ ಸುಮಾರು 19 ಲಕ್ಷ ಕುಟುಂಬಗಳಿಗೆ ಹೆಚ್ಚುವರಿ ಪಾವತಿಯಾಗಿ, ಒಟ್ಟು ಮೊತ್ತ 200 ಕೋಟಿ ಪೌಂಡಿನ ಆಸುಪಾಸು ಮುಟ್ಟಿತು. ಇಷ್ಟು ಕುಟುಂಬಗಳು ಒಮ್ಮೆಲೇ ಅಪ್ರಾಮಾಣಿಕವಾದವು ಎಂದು ನಂಬುವುದಕ್ಕಿಂತ, ಬಡ್ತಿ, ಹೆಚ್ಚುವರಿ ಪಾಳಿ, ಹೊಸ ಕೆಲಸ ಮುಂತಾದ ಸಹಜ ಏರಿಳಿತಗಳನ್ನು ಯೋಜನೆ ತಾಳಿಕೊಳ್ಳಲಾರದೆ ಹೋಯಿತು ಎಂದು ತಿಳಿಯುವುದೇ ಸರಿ. ಸರ್ಕಾರವೂ ಕೊನೆಗೆ ಹಾಗೆಯೇ ತಿಳಿಯಿತು. ಆದಾಯ ಎಷ್ಟು ಏರುವವರೆಗೆ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ರಿಯಾಯಿತಿಯ ಮಿತಿಯನ್ನು 2006ರಲ್ಲಿ 2,500 ಪೌಂಡಿನಿಂದ 25,000ಕ್ಕೆ ಏರಿಸಿತು. ಖರ್ಚು ಕಡಿಮೆ ಮಾಡುವ ಕಾಲ ಬಂದಾಗ ಮಿತಿಯನ್ನು ಹಂತಹಂತವಾಗಿ ಇಳಿಸಿ 2016ರಲ್ಲಿ ಮತ್ತೆ 2,500ಕ್ಕೇ ತಂದರು. ಅದೇ ಕುಟುಂಬ, ಅದೇ ಏರಿಕೆ; ಒಂದು ವರ್ಷ ಸಾಲವಿಲ್ಲ, ಇನ್ನೊಂದು ವರ್ಷ ಸಾಲ. ಹೆಚ್ಚುವರಿ ಪಾವತಿಯ ಪ್ರಮಾಣವನ್ನು ನಿಯಮವೇ ನಿರ್ಧರಿಸುತ್ತದೆ ಎನ್ನಲು ಇದಕ್ಕಿಂತ ನೇರವಾದ ಪುರಾವೆ ಬೇಡ.

ಆದಾಯದ ಬದಲಾವಣೆಯನ್ನು ತಿಳಿಸುವುದು ಪಡೆದವರ ಕರ್ತವ್ಯವಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಬೇಕೆಂದೇ ಮುಚ್ಚಿಟ್ಟವರಿಂದ ಹಣ ಮರಳಿ ಪಡೆಯಬೇಕು. ಸರಿಯಾಗಿ ತಿಳಿಸಿದವರಿಗೂ ತೆರಿಗೆ ಕಟ್ಟುವವರಿಗೂ ಅದು ಸಲ್ಲಬೇಕಾದ ನ್ಯಾಯ. ಆದರೆ ಕರ್ತವ್ಯ ಎರಡೂ ಕಡೆಗಿದೆ. ಬ್ರಿಟನ್ನಿನ ಆರೈಕೆ ಭತ್ಯೆಯಲ್ಲಿ 2024ರಲ್ಲಿ ವಾರದ ಗಳಿಕೆಯ ಮಿತಿ 151 ಪೌಂಡ್ ಇತ್ತು. ಒಂದು ಪೌಂಡ್ ಮೀರಿದರೂ ಆ ವಾರದ 81.90 ಪೌಂಡ್ ಪೂರ್ತಿ ಹೋಗುತ್ತಿತ್ತು. ಮಿತಿ ಮೀರಿದವರ ಮಾಹಿತಿ ತೆರಿಗೆ ಇಲಾಖೆಯಿಂದ ಭತ್ಯೆ ಕೊಡುವ ಇಲಾಖೆಯ ಗಣಕಕ್ಕೆ ಬರುತ್ತಿತ್ತು, ಆದರೆ ಎಲ್ಲವನ್ನೂ ಪರಿಶೀಲಿಸುತ್ತಿರಲಿಲ್ಲ. ತಿಂಗಳೊಳಗೆ ಎಚ್ಚರಿಸಿದ್ದರೆ ಕೆಲವು ನೂರು ಪೌಂಡಿನಲ್ಲಿ ಮುಗಿಯುತ್ತಿದ್ದದ್ದು ವರ್ಷಗಟ್ಟಲೆ ಬೆಳೆದು ಸಾವಿರಾರು ಪೌಂಡಾಯಿತು. ತನಗೆ ತಿಳಿದ ವಿಷಯದಲ್ಲಿ ಸುಮ್ಮನಿದ್ದ ಕಚೇರಿ, ಆ ಮೌನದ ಅವಧಿಯ ಹಣವನ್ನು ಪೂರ್ತಿ ಕೇಳುವುದು ಹೇಗೆ ಸರಿ? ಮನ್ನಾ ಮಾಡಿದರೆ ಶಿಸ್ತು ಕೆಡುತ್ತದೆ ಎನ್ನುವವರಿಗೆ ಅಮೆರಿಕದ ಸಾಮಾಜಿಕ ಭದ್ರತಾ ಕಾಯ್ದೆ ಉತ್ತರ ಕೊಡುತ್ತದೆ: ಪಡೆದವರ ತಪ್ಪಿಲ್ಲದೆ, ವಸೂಲಿಯಿಂದ ಯೋಜನೆಯ ಉದ್ದೇಶವೇ ಸೋಲುವಂತಿದ್ದರೆ ಮನ್ನಾ ಮಾಡಲು ಅಲ್ಲಿ ದಶಕಗಳಿಂದ ಅವಕಾಶವಿದೆ.

ಭಾರತದಲ್ಲಿ ಈ ತರ್ಕ ಹೆಚ್ಚು ಬೆಳೆದಿರುವುದು ನೌಕರರ ಸಂಬಳದ ವಿಷಯದಲ್ಲಿ. ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ಕೆಳದರ್ಜೆಯ ನೌಕರರಿಂದ, ನಿವೃತ್ತರಿಂದ ಮತ್ತು ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ತಪ್ಪಾಗಿ ಕೊಟ್ಟ ಹಣವನ್ನು ಮರಳಿ ಕೇಳಬಾರದು, ಐದು ವರ್ಷಕ್ಕೂ ಹೆಚ್ಚು ಕಾಲ ಹಾಗೆ ಕೊಟ್ಟ ಹಣವನ್ನು ಯಾರಿಂದಲೂ ಕೇಳಬಾರದು ಎಂದಿತು. ಹೆಚ್ಚಾದರೆ ಹಿಂದಿರುಗಿಸುವೆನೆಂದು ಮುಚ್ಚಳಿಕೆ ಬರೆದುಕೊಟ್ಟವರಿಗೆ ಈ ರಕ್ಷಣೆ ಇಲ್ಲ ಎಂದು 2016ರಲ್ಲಿ ಅದೇ ನ್ಯಾಯಾಲಯ ಸೇರಿಸಿತು. ಕಲ್ಯಾಣ ಯೋಜನೆಗಳ ಫಲಾನುಭವಿಗಳಿಗೆ ಈ ತೀರ್ಪುಗಳು ನೇರವಾಗಿ ಅನ್ವಯಿಸವು. ವರ್ಷಕ್ಕೆ 6,000 ರೂಪಾಯಿ ಕೊಡುವ ಪಿಎಂ ಕಿಸಾನ್‌ನಲ್ಲಿ ಹಿಂದಿನ ತೆರಿಗೆ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರು ಅನರ್ಹರು. ಕರ್ನಾಟಕದ ಗೃಹಲಕ್ಷ್ಮಿಯಲ್ಲಿ ಗಂಡ ತೆರಿಗೆ ಕಟ್ಟಿದರೂ ಹೆಂಡತಿಗೆ ಹಣವಿಲ್ಲ. ಮಗನ ಓದಿಗೋ ಮನೆಯ ಸಾಲಕ್ಕೋ ಒಂದು ವರ್ಷ ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಿದ ಕುಟುಂಬ ಇಲ್ಲೂ ಅದೇ ಕಾಲದ ಅಂತರದಲ್ಲಿ ಸಿಲುಕಬಲ್ಲದು. ಯಾವ ವರ್ಷದ ತೆರಿಗೆ, ಯಾವ ತಾರೀಕಿನ ಕಂತು, ಯಾವ ದಾಖಲೆಯ ಆಧಾರ ಎಂಬ ಮೂರನ್ನೂ ವಸೂಲಿ ನೋಟಿಸಿನಲ್ಲೇ ಬರೆದು, ಉತ್ತರಿಸಲು ಕಾಲ ಕೊಟ್ಟು, ಕಟ್ಟಲೇಬೇಕಾದ ಹಣವನ್ನು ಮುಂದಿನ ಕಂತುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮುರಿದುಕೊಳ್ಳಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಇಲಾಖೆಯ ಒಂದು ಸುತ್ತೋಲೆ ಸಾಕು.