ಜಾವಾ ಇನ್ನೂ ಓಡುತ್ತೆ, ಫೋನ್ ಯಾಕೆ ನಿಲ್ಲುತ್ತೆ?

ನೀವು ಇದನ್ನ ಕೇಳ್ತಿರೋ ಫೋನಿಗೆ ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಬಂದಿದ್ದು ಯಾವಾಗ? ಸೆಟ್ಟಿಂಗ್ಸ್‌ನಲ್ಲಿ ತಾರೀಕು ಇರುತ್ತೆ, ನೋಡಿ.

ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಸೋಕೆ ಶುರು ಮಾಡಿ, 1996ರಲ್ಲಿ ಬಾಗಿಲು ಹಾಕಿತು. ಆದರೂ ಯೆಜ್ಡಿ ಸದ್ದು ಊರಲ್ಲಿ ಇವತ್ತಿಗೂ ಕೇಳುತ್ತೆ. ಎಂಜಿನ್ ಬಿಚ್ಚಿದರೆ ಮೆಕ್ಯಾನಿಕ್‌ಗೆ ಎಲ್ಲ ಕಣ್ಣಿಗೆ ಕಾಣುತ್ತೆ. ಸಿಗದ ಪಾರ್ಟನ್ನ ಲೇತ್‌ನಲ್ಲಿ ಮಾಡಿಸಿಕೊಳ್ಳಬಹುದು.

ಫೋನಿಗೆ ಆ ಭಾಗ್ಯ ಇಲ್ಲ. ಸಾಫ್ಟ್‌ವೇರ್‌ನ ಬೀಗದಕೈ ಕಂಪನಿ ಹತ್ರ. ಚಿಪ್ ಮಾಡಿದವರು ಹಳೆಯದನ್ನ ಕೈಬಿಟ್ಟರೆ ಫೋನ್ ಕಂಪನಿಗೂ ಕಷ್ಟ. ನಮ್ಮಮ್ಮನ ಫೋನಿನ ಸ್ಕ್ರೀನು, ಬ್ಯಾಟರಿ ಎಲ್ಲ ಚೆನ್ನಾಗೇ ಇತ್ತು. ಒಂದು ದಿನ ಬ್ಯಾಂಕ್ ಆ್ಯಪ್ ಓಪನ್ ಆಗೋದೇ ನಿಲ್ಲಿಸಿತು. ಪಿಂಚಣಿ ಬಂತಾ ಅಂತ ನೋಡೋಕೂ ಅವರು ಬ್ಯಾಂಕಿಗೇ ಹೋಗಬೇಕಾಯ್ತು.

2011ರಲ್ಲಿ ಗೂಗಲ್ ಮತ್ತು ದೊಡ್ಡ ಕಂಪನಿಗಳು ಸೇರಿ 18 ತಿಂಗಳು ಅಪ್‌ಡೇಟ್ ಕೊಡ್ತೀವಿ ಅಂದ್ರು. ಬಹುಪಾಲು ಅದು ಮಾತಲ್ಲೇ ಉಳೀತು. 2014ರಲ್ಲಿ ಆಂಡ್ರಾಯ್ಡ್ ಒನ್ ಮೊದಲು ಬಂದಿದ್ದೇ ಭಾರತಕ್ಕೆ, ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಹೆಸರಲ್ಲಿ. ಭರವಸೆ ಎರಡು ವರ್ಷ. ಏಳು ವರ್ಷದ ಮಾತು ಬರೋಕೆ 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ತನಕ ಕಾಯಬೇಕಾಯ್ತು. ಅವೆರಡೂ ದುಬಾರಿ ಫೋನು, ಕಾಲೇಜು ಹುಡುಗರ ಜೇಬಿಗೆ ನಿಲುಕೋದಲ್ಲ.

ಯುರೋಪಿನಲ್ಲಿ 2025ರ ಜೂನ್ 20ರಿಂದ ಕಾನೂನೇ ಬಂದಿದೆ: ಹೊಸ ಮಾಡೆಲ್‌ಗಳಿಗೆ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕು. ನಮ್ಮಲ್ಲಿ ರಿಪೇರಿ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿತು. ಇಷ್ಟು ವರ್ಷ ಅಪ್‌ಡೇಟ್ ಕೊಡಲೇಬೇಕು ಅನ್ನೋ ಕಾನೂನು ಮಾತ್ರ ಇನ್ನೂ ಬಂದಿಲ್ಲ.