ಬರಲಾರೆವು ಎನ್ನುವ ಬಗೆ

ಡೊಂಬಿವಲಿಯಲ್ಲಿರುವ ನಮ್ಮ ಸೋದರಮಾವನವರ ಸಹಸ್ರಚಂದ್ರದರ್ಶನ ಶಾಂತಿಗೆ ಕರೆ ಬಂದಾಗ ಕಚೇರಿಯಲ್ಲಿ ಲೆಕ್ಕಪರಿಶೋಧನೆ ನಡೆದಿತ್ತು, ರಜೆ ಸಿಗುವಂತಿರಲಿಲ್ಲ. ‘ವಿ ವುಡ್ ಹ್ಯಾವ್ ಲವ್ಡ್ ಟು ಕಮ್’ ಎಂದು ಮೊಬೈಲಿನಲ್ಲಿ ಬರೆದು ಕಳುಹಿಸಿ, ಸೌಜನ್ಯದಿಂದ ನಿರಾಕರಿಸಿದ ಸಮಾಧಾನದಲ್ಲಿದ್ದೆವು. ಮಾವನವರು ಕೊನೆಯ ಪಂಕ್ತಿಯವರೆಗೂ ನಮಗಾಗಿ ನಾಲ್ಕು ಎಲೆ ತೆಗೆದಿರಿಸಿ ಕಾದರಂತೆ.

ಅವರದು ಅರೆಬರೆ ಇಂಗ್ಲಿಷ್ ಅಲ್ಲ. ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘಗಳಂತೆಯೇ ಈ ರಾತ್ರಿಶಾಲೆಗಳೂ ನಮ್ಮವರ ಬದುಕನ್ನು ಕಟ್ಟಿದವು. ‘ವಿಲ್’ನ ಭೂತಕಾಲ ‘ವುಡ್’ ಎಂದು ಅವರೂ ಕಲಿತರು, ನಾವೂ ಕಲಿತೆವು. ಭೂತಕಾಲವೇ ‘ಇಲ್ಲ’ ಎನ್ನುವ ಉಪಾಯವಾಗಬಲ್ಲುದೆಂದು ನಮಗೆ ತಿಳಿದದ್ದು ಎಂ.ಎ. ತರಗತಿಯಲ್ಲಿ.

ಹಳೆಯ ಇಂಗ್ಲಿಷಿನಲ್ಲಿ ‘ವಿಲ್ಲನ್’ ಎಂದರೆ ಬಯಸುವುದು, ‘ಕುನ್ನನ್’ ಎಂದರೆ ಅರಿತಿರುವುದು. ಅವುಗಳ ಭೂತರೂಪಗಳೇ ಇಂದಿನ ‘ವುಡ್’ ಮತ್ತು ‘ಕುಡ್’. (‘ಕುಡ್’ನ ಕಾಗುಣಿತದಲ್ಲಿರುವ ಮೂಕ ‘ಎಲ್’ ಮೂಲದಲ್ಲಿರಲಿಲ್ಲ, ‘ವುಡ್’, ‘ಷುಡ್’ಗಳನ್ನು ನೋಡಿ ಆಮೇಲೆ ಬಂದು ಸೇರಿಕೊಂಡಿತು.) ಕಾಲದ ದೂರವನ್ನೇ ಮನಸ್ಸಿನ ದೂರವಾಗಿ ಬಳಸಿಕೊಂಡ ಆ ಭಾಷೆಯಲ್ಲಿ ಬಯಕೆಯನ್ನು ಹಿಂದಕ್ಕೆ ತಳ್ಳಿದರೆ ಸಾಕು, ಬರುವುದಿಲ್ಲ ಎಂಬ ಮಾತನ್ನು ಆಡಬೇಕಾಗಿಲ್ಲ.

ಕನ್ನಡಕ್ಕೆ ಈ ದಾರಿ ತೆರೆದಿರಲಿಲ್ಲ. ಹಳಗನ್ನಡದ ನಿಷೇಧರೂಪಕ್ಕೆ ಕಾಲಭೇದವೇ ಇಲ್ಲ: ‘ಬಾರೆವು’ ಎಂಬುದು ಬರಲಿಲ್ಲ, ಬರುವುದಿಲ್ಲ ಎರಡಕ್ಕೂ ಸಲ್ಲುತ್ತದೆ. ಕಾಲವೇ ಇಲ್ಲದ ಕಡೆ ಹಿಂದಕ್ಕೆ ಸರಿಸುವುದೇನನ್ನು? ಆದ್ದರಿಂದ ನಮ್ಮ ಹಿರಿಯರು ವಿನಯವನ್ನು ಬೇರೆಡೆ ಹುಡುಕಿಕೊಂಡರು. ‘ಆರ್’ ಎಂಬ ಶಕ್ತ್ಯರ್ಥದ ಧಾತುವಿನಿಂದ ಬಂದ ‘ಬರಲಾರೆವು’ ಎಂಬುದರಲ್ಲಿ ಕೊರತೆ ಶಕ್ತಿಯದೋ ಮನಸ್ಸಿನದೋ ಬಿಡಿಸಿ ಹೇಳಲಾಗದು. ‘ಒಲ್ಲೆ’ಯಲ್ಲಿ ಆ ಮರೆ ಇಲ್ಲ, ಧಾರವಾಡದ ಕಡೆ ಊಟಕ್ಕೆ ಕುಳಿತಾಗ ಸಲ್ಲುವ ಅದು ಆಮಂತ್ರಣಕ್ಕೆ ಉತ್ತರವಾದರೆ ಒರಟು. ಕರಾವಳಿಯವರ ‘ನೋಡುವ’ ಎಲ್ಲಕ್ಕಿಂತ ಜಾಣತನದ್ದು: ಆಗದ ಕೆಲಸದಲ್ಲಿ ಕರೆದವರನ್ನೂ ಪಾಲುದಾರರನ್ನಾಗಿಸಿ ಭವಿಷ್ಯಕ್ಕೆ ಸಾಗಹಾಕುತ್ತದೆ.

ಕೇಂದ್ರ ಸರಕಾರದ ಪತ್ರಗಳಲ್ಲಂತೂ ನಿರಾಕರಿಸುವವನೇ ಕಾಣೆ. ‘ಐ ಆಮ್ ಡೈರೆಕ್ಟೆಡ್ ಟು ಸೇ’ ಎಂದು ಆರಂಭಿಸಿದರೆ ಹೊಣೆ ಮೇಲಿನವರದು. ಆ ಮಸಿ ನಮ್ಮ ಮನೆಯ ಮಾತಿಗೂ ಹತ್ತಿದೆಯೆಂದು ನಮಗೆ ಅನುಮಾನ. ಕನ್ನಡದಲ್ಲಿ ಬರೆದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು, ಕ್ಷಮೆ ಕೇಳಬೇಕಾಗುತ್ತಿತ್ತು. ‘ವುಡ್’ ಎರಡನ್ನೂ ಉಳಿಸಿಕೊಟ್ಟಿತು.

ಈ ಸಲ ಅವರ ಮೊಮ್ಮಗಳ ಮದುವೆ. ಅಂದೂ ರಜೆ ಕಷ್ಟವೇ. ಫೋನ್ ಮಾಡಿ, “ಮಾವ, ಬರಲಿಕ್ಕೆ ಆಗುವುದಿಲ್ಲ, ಬೇಸರ ಮಾಡಬೇಡಿ” ಎಂದೆವು. ಆಚೆ ಬದಿಯಲ್ಲಿ ಸ್ವಲ್ಪ ಹೊತ್ತು ಮೌನ. ಬಳಿಕ, “ಆಯಿತು, ನೋಡುವ” ಎಂದರು.